ಗುಜರಿಯೊಳಗಿನ ಚಿನ್ನ ಯಾರ ಪಾಲಿಗೆ?

(ಗಿರಣಿ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸುಗಳ ಮಾತನ್ನು ಈ ಹೊತ್ತು ಬದಿಗಿಟ್ಟು ನಾವು ಗುಜರಿಯ ಮಾತನ್ನು ಆಡಬೇಕಾಗಿದೆ. ಕೆಟ್ಟುಹೋದ ಕಂಪ್ಯೂಟರು, ಮೊಬೈಲು, ಟಿ.ವಿ.ಗಳ ಬೋರ್ಡುಗಳನ್ನು ಚೀಲಗಟ್ಟಲೆ ಕೊಂಡು ತಂದು, ಬಚ್ಚಲಲ್ಲಿ ಆಸಿಡ್ಡಿಗೆ ಹಾಕಿ ಚಿನ್ನ ತೆಗೆಯುವ ಕಸುಬು ನಮ್ಮ ಕೇರಿಗಳಿಗೂ ಕಾಲಿಡುತ್ತಿದೆ. ಪಾಳಿ ತಪ್ಪಿದವರು, ಅಂಗಡಿ ನಡೆಯದವರು ಮೊಬೈಲಿನಲ್ಲಿ ವೀಡಿಯೋ ನೋಡಿ ಇದಕ್ಕೆ ಕೈಹಾಕುತ್ತಿದ್ದಾರೆ. ಅವರನ್ನು ದುರಾಸೆಯವರೆಂದು ನಾವು ಹಳಿಯುವುದಿಲ್ಲ. ಮನೆಯಲ್ಲಿ ಒಲೆ ಉರಿಯದಿದ್ದಾಗ ಬುದ್ಧಿವಾದ ಯಾರಿಗೆ ಬೇಕು? ಆದುದರಿಂದ ಬುದ್ಧಿವಾದವನ್ನು ಬಿಟ್ಟು ಲೆಕ್ಕವನ್ನೇ ಮುಂದಿಡುತ್ತೇವೆ.

ಚಿನ್ನವಿದೆ ಎಂಬುದು ಸುಳ್ಳಲ್ಲ. ಚಿನ್ನಕ್ಕೆ ತುಕ್ಕು ಹಿಡಿಯದು. ಆದ್ದರಿಂದಲೇ ಬೋರ್ಡಿನ ಹಲ್ಲುಗಳಿಗೂ ಸೂಜಿಗಳಿಗೂ ಅದರ ತೆಳುಲೇಪ ಕೊಡುತ್ತಾರೆ. ಅಕ್ಕಸಾಲಿಗರ ಅಂಗಡಿಯ ಮುಂದಿನ ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದ ಜಲಗಾರರನ್ನು ನಮ್ಮ ಹಿರಿಯರು ಬಲ್ಲರು. ಇದೂ ಅದೇ ಜಾತಿಯ ಕೆಲಸ. ಹಟ್ಟಿಯ ಗಣಿಯಲ್ಲಿ ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ. ಒಳ್ಳೆಯ ದರ್ಜೆಯ ಕಂಪ್ಯೂಟರ್ ಬೋರ್ಡು ಒಂದು ಟನ್ನಿನಲ್ಲಿ 200 ಗ್ರಾಮಿನಷ್ಟು ಇರಬಹುದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನ ಪದಕಗಳನ್ನು ಜಪಾನಿನ ಜನ ಇಂಥ ಗುಜರಿಯಿಂದಲೇ ಮಾಡಿಸಿದರು. ಆದರೆ ಅದಕ್ಕೆ 2017ರಿಂದ 2019ರವರೆಗೆ ದೇಶವೆಲ್ಲ ಕೂಡಿ 62 ಲಕ್ಷ ಮೊಬೈಲುಗಳೂ ಸೇರಿದಂತೆ ಸುಮಾರು 79,000 ಟನ್ ಸರಕನ್ನು ಒಟ್ಟುಮಾಡಬೇಕಾಯಿತು. ಸಿಕ್ಕ ಚಿನ್ನ ಸುಮಾರು 32 ಕಿಲೋ.

ಈಗ ನಮ್ಮ ಬಚ್ಚಲಿನ ಲೆಕ್ಕಕ್ಕೆ ಬರೋಣ. ಹತ್ತು ಕಿಲೋ ಒಳ್ಳೆಯ ಬೋರ್ಡು ತಂದೆವೆನ್ನಿ. ಅದರಲ್ಲಿರುವ ಚಿನ್ನ ಎರಡು ಗ್ರಾಂ. ಟಿ.ವಿ. ಬೋರ್ಡಾದರೆ ಅದರ ಹತ್ತನೆಯ ಒಂದು ಪಾಲೂ ಇದ್ದರೆ ಪುಣ್ಯ. 2006-07ರ ಸುಮಾರಿಗೆ ಬೆಂಗಳೂರಿನಲ್ಲಿ ಈ ಆಸಿಡ್ಡಿನ ಕಸುಬನ್ನು ಪರೀಕ್ಷಿಸಿದವರು ಕಂಡದ್ದೇನೆಂದರೆ, ಇರುವ ಚಿನ್ನದಲ್ಲಿ ಕಾಲು ಭಾಗಕ್ಕೆ ಮೀರಿ ಕೈಸೇರುವುದಿಲ್ಲ. ಯೂರೋಪಿನ ದೊಡ್ಡ ಕುಲುಮೆಗಳಲ್ಲಾದರೋ ನೂರಕ್ಕೆ 95 ಪಾಲು ಸಿಗುತ್ತದೆ. ಎಂದರೆ ನಮ್ಮ ಕೈಗೆ ಬರುವುದು ಅರ್ಧ ಗ್ರಾಂ. ಉಳಿದ ಚಿನ್ನವೂ, ಬೆಳ್ಳಿ ಪಲ್ಲೇಡಿಯಂಗಳ ಬಹುಪಾಲೂ ಚರಂಡಿಯ ಪಾಲು. ಆ ಅರ್ಧ ಗ್ರಾಮಿನಲ್ಲಿ ಬೋರ್ಡಿನ ಬೆಲೆ, ಆಸಿಡ್ಡಿನ ಬೆಲೆ, ಕರಗಿಸುವ ಖರ್ಚು ಕಳೆಯಬೇಕು. ಬೋರ್ಡು ಮಾರಿದವನೇನು ದಡ್ಡನೇ? ಒಳಗೆ ಚಿನ್ನವಿರುವುದನ್ನು ಬಲ್ಲವನಾಗಿ ಅದರ ಮೇಲೆಯೇ ದರ ಹಾಕಿರುತ್ತಾನೆ. ಕೊನೆಗೆ ಗುಂಡು ಕೊಳ್ಳುವವನು ಶುದ್ಧವಿಲ್ಲವೆಂದು ಮುರಿದು ಹಿಡಿಯುತ್ತಾನೆ. ರಸೀದಿಯಿಲ್ಲದ ಮಾಲಿಗೆ ಚೌಕಾಸಿ ಮಾಡುವ ಬಾಯಿ ನಮಗೆಲ್ಲಿಂದ ಬರಬೇಕು?

ಇದು ಹಣದ ಲೆಕ್ಕ. ಮೈಯ ಲೆಕ್ಕ ಬೇರೆಯಿದೆ. ಚಿನ್ನವನ್ನು ಕರಗಿಸುವ ರಾಜದ್ರವವೆಂದರೆ ನೈಟ್ರಿಕ್ ಹಾಗೂ ಹೈಡ್ರೋಕ್ಲೋರಿಕ್ ಆಸಿಡ್ಡುಗಳ ಬೆರಕೆ. ನೈಟ್ರಿಕ್ ಆಸಿಡ್ಡು ತಾಮ್ರಕ್ಕೆ ತಗುಲಿದೊಡನೆ ಕಂದು ಹೊಗೆ ಏಳುತ್ತದೆ. ಅದನ್ನು ಕುಡಿದವನಿಗೆ ಮೊದಲು ಬರಿಯ ಕೆಮ್ಮು. ಅದೂ ನಿಂತಂತಾಗಿ ಅವನು ಉಂಡು ಮಲಗಬಹುದು. ಹಲವು ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೆ ಬರುತ್ತದೆ. ಆದುದರಿಂದ ಈ ಹೊಗೆ ಕುಡಿದವರು ಯಾರೇ ಇರಲಿ, ಕೆಮ್ಮು ನಿಂತರೂ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ಹತ್ತಿಯ ಧೂಳು ಕುಡಿದು ಮೊದಲೇ ಸವೆದ ನಮ್ಮ ಎದೆಗಳು ಇದನ್ನು ಹೇಗೆ ತಾಳಿಯಾವು? ಇನ್ನು ಹಳೆಯ ಬೆಸುಗೆಯಲ್ಲಿ ಮೂರನೆಯ ಒಂದು ಪಾಲಿಗೂ ಮೀರಿ ಸೀಸವಿರುತ್ತದೆ. ಬೋರ್ಡು ಕಾಯಿಸಿದರೆ, ಕೆರೆದರೆ, ಸುಟ್ಟರೆ ಅದು ಧೂಳಾಗಿ ನೆಲಕ್ಕೆ ಬೀಳುತ್ತದೆ. ನೆಲದ ಮೇಲೆ ಅಂಬೆಗಾಲಿಡುವುದು ನಮ್ಮ ಕೂಸು.

ಇದು ಹೆದರಿಸುವ ಮಾತಲ್ಲ. ಚೀನಾದ ಗುಯಿಯು ಎಂಬ ಊರು ಮನೆಮನೆಯಲ್ಲೂ ಈ ಕಸುಬು ಮಾಡುತ್ತಿತ್ತು. ಅಲ್ಲಿಯ ಆರು ವರ್ಷದೊಳಗಿನ ಮಕ್ಕಳ ರಕ್ತವನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ವರದಿಯಂತೆ, ಡೆಸಿಲೀಟರಿಗೆ ಸರಾಸರಿ 15 ಮೈಕ್ರೋಗ್ರಾಂ ಸೀಸ ಸಿಕ್ಕಿತು. ನೆರೆಯೂರಿನಲ್ಲಿ ಅದು 10ರ ಆಸುಪಾಸಿನಲ್ಲಿತ್ತು. ಐದು ಮುಟ್ಟಿದರೇ ಎಚ್ಚರಗೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೀಸ ಮೊದಲು ಕೆಡಿಸುವುದು ಮಗುವಿನ ಬುದ್ಧಿಯನ್ನು. ನಮ್ಮ ದೇಶದಲ್ಲಿಯೂ ಹಿತ್ತಾಳೆ ಕೆಲಸಕ್ಕೆ ಹೆಸರಾದ ಮೊರಾದಾಬಾದ್ ಇದೆ. ಅಲ್ಲಿ ಹಿತ್ತಾಳೆಯ ವ್ಯಾಪಾರ ಕುಗ್ಗಿದಾಗ ಕುಶಲ ಕೆಲಸಗಾರರೇ ಬೋರ್ಡು ಸುಡುವುದಕ್ಕೆ ಇಳಿದರು. ರಾಮಗಂಗಾ ನದಿಯ ದಂಡೆ ಕಪ್ಪು ಬೂದಿಯಾಯಿತು. ಅವರ ಕೈಯ ಹದ ಇಷ್ಟಕ್ಕೆ ಬಂದುದನ್ನು ಕೇಳಿದಾಗ ನಮಗೆ ನಮ್ಮ ಗಿರಣಿಗಳ ನೆನಪಾಗುತ್ತದೆ.

ಹಾಗಾದರೆ ಲಾಭ ಯಾರದು? ಸರಕು ಮಾಡಿದ ಕಂಪನಿಯೇ ಅದರ ಕಸಕ್ಕೂ ಹೊಣೆಯೆಂದು 2022ರ ಇ-ತ್ಯಾಜ್ಯ ನಿಯಮಗಳು ಹೇಳುತ್ತವೆ. ಅವು 2023ರ ಏಪ್ರಿಲಿನಿಂದ ಜಾರಿಯಲ್ಲಿವೆ. ಕಂಪನಿಯು ಆ ಹೊಣೆಯನ್ನು ತೀರಿಸಲು ನೋಂದಾಯಿತ ಕಾರ್ಖಾನೆಯಿಂದ ಪ್ರಮಾಣಪತ್ರ ಕೊಳ್ಳುತ್ತದೆ. ಹಣ ಮೇಲುಮೇಲೆಯೇ ತಿರುಗುತ್ತದೆ. ಬೀದಿಬೀದಿ ಅಲೆದು ಆಯ್ದವನಿಗೂ, ತೂಗಿ ಕೊಂಡ ಗುಜರಿ ಅಂಗಡಿಯವನಿಗೂ ಅದರ ವಾಸನೆಯಿಲ್ಲ. ಅದೇ ನಿಯಮಗಳಲ್ಲಿ ಇನ್ನೊಂದು ಮಾತಿದೆ: ಬಿಚ್ಚುವ ಹಾಗೂ ಸಂಸ್ಕರಿಸುವ ಕೆಲಸಗಾರರನ್ನು ರಾಜ್ಯದ ಕಾರ್ಮಿಕ ಇಲಾಖೆ ಗುರುತಿಸಿ ನೋಂದಾಯಿಸಬೇಕು, ಅವರು ಗುಂಪು ಕಟ್ಟಲು ನೆರವಾಗಬೇಕು, ಅವರ ಆರೋಗ್ಯ, ಸುರಕ್ಷತೆಗಳನ್ನು ನೋಡಿಕೊಳ್ಳಬೇಕು. ಈ ಮಾತನ್ನು ಕಾಗದದಿಂದ ಕೆಳಗಿಳಿಸುವುದು ನಮ್ಮ ಸಂಘದ ಕೆಲಸ.

ಆದುದರಿಂದ ನಾವು ಹೇಳುವುದಿಷ್ಟು. ಮನೆಯಲ್ಲಿ ಆಸಿಡ್ಡು ಬೇಡ, ತಂತಿ ಸುಡುವುದು ಬೇಡ, ಹಳೆಯ ಟಿ.ವಿ. ಗಾಜು ಒಡೆಯುವುದು ಬೇಡ. ಬೋರ್ಡನ್ನು ಇಡಿಯಾಗಿಯೇ ಉಳಿಸಿ, ದರ್ಜೆವಾರು ಬೇರೆಮಾಡಿರಿ. ಒಬ್ಬೊಬ್ಬರೇ ಹತ್ತು ಕಿಲೋ ಹೊತ್ತು ಹೋದರೆ ದಲ್ಲಾಳಿ ಹೇಳಿದ್ದೇ ದರ. ಇಪ್ಪತ್ತು ಅಂಗಡಿಯವರು, ಕೆಲಸವಿಲ್ಲದ ಐವತ್ತು ಕಾರ್ಮಿಕರು ಸಹಕಾರಿ ಸಂಘ ಕಟ್ಟಿ, ಸ್ಕ್ರೂಡ್ರೈವರಿನಿಂದ ಬಿಚ್ಚಿ, ಒಂದು ಲಾರಿ ತುಂಬಿಸಿ, ನೋಂದಾಯಿತ ಕಾರ್ಖಾನೆಗೆ ತೂಕದ ಚೀಟಿ, ರಸೀದಿಗಳೊಡನೆ ಮಾರಿದರೆ ದರ ಕೇಳುವವರು ನಾವಾಗುತ್ತೇವೆ. ಅದಕ್ಕೆ ಬೇಕಾದ ಶೆಡ್ಡನ್ನು ಪುರಸಭೆ ಕೊಡಲಿ, ನೋಂದಣಿಯನ್ನು ಕಾರ್ಮಿಕ ಇಲಾಖೆ ಮಾಡಲಿ ಎಂದು ಮನವಿ ಸಿದ್ಧಮಾಡಿದ್ದೇವೆ. ಸಹಿ ಹಾಕುವ ಹಾಳೆ ಬಾಗಿಲ ಬಳಿಯ ಮೇಜಿನ ಮೇಲಿದೆ.

ಗುಜರಿಯಲ್ಲಿ ಚಿನ್ನವಿರುವುದು ನಿಜ. ಅದನ್ನು ನಮ್ಮ ಮಕ್ಕಳ ರಕ್ತ ಕೊಟ್ಟು ತೆಗೆಯಬೇಕಾಗಿಲ್ಲ. ಹೋಗುವ ಮುನ್ನ ದಯವಿಟ್ಟು ಸಹಿ ಹಾಕಿ ಹೋಗಿರಿ.