ಜೇನು ಬಂದಾಗ ಮೂರು ದಿನ ಕಾಯೋಣ

ಜೇನಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಕೆಮ್ಮಿಗೆ, ಮುಖದ ಕಾಂತಿಗೆ ಏನಾದರೂ ಮನೆಮದ್ದು ಸಿಗಬಹುದೆಂದು ಕೆಲವರು ಕಾದಿರಬಹುದು. ಕ್ಷಮಿಸಿ, ನಾನು ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ನಾಲ್ಕು ವರ್ಷದ ಹಿಂದೆ ಪುಣೆಯ ನಮ್ಮ ಸೊಸೈಟಿಯ ಏಳನೇ ಮಹಡಿಯ ಸಜ್ಜೆಯ ಕೆಳಗೆ ಹೆಜ್ಜೇನು ಕಟ್ಟಿತ್ತು. ಇಲ್ಲಿಯವರು ಅದನ್ನು ‘ಆಗ್ಯಾ ಮೋಹೋಳ’ ಎನ್ನುತ್ತಾರೆ, ಬೆಂಕಿಯಂಥ ಗೂಡು. ಔಷಧಿ ಹೊಡೆಸಲು ಎಲ್ಲರ ಸಹಿ ಕೇಳಿದರು. ನಾನು ಶಿರಸಿ ಕಡೆಯವಳು, ಅಪ್ಪ ಅಡಿಕೆ ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದರು. ಆದರೂ ಸಹಿ ಹಾಕಿದೆ. ಮರುದಿನ ಪಾರ್ಕಿಂಗಿನಲ್ಲಿ ಸತ್ತ ಹುಳಗಳನ್ನು ರಾಶಿ ಗುಡಿಸಿದರು. ಅದಕ್ಕಿಂತ ಹೆದರಿಸಿದ್ದು ಇನ್ನೊಂದು. ವಿಷ ಬಿದ್ದ ಅದೇ ಎರಿಯನ್ನು ಹಿಂಡಿ, ತುಪ್ಪವನ್ನು ಬಾಟಲಿಗೆ ತುಂಬಿ ಹಂಚುತ್ತಿದ್ದರು! ನಮ್ಮ ಮನೆಗೆ ಬಂದದ್ದನ್ನು ಚೆಲ್ಲಿದೆ. ಬೇರೆ ಮನೆಗಳಲ್ಲಿ ಮಕ್ಕಳು ತಿಂದರೋ ಏನೋ.

ಆಮೇಲೆ ಕಲಿಯಲು ಹೊರಟೆ. 1962ರಿಂದಲೂ ಪುಣೆಯಲ್ಲೇ ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಜೇನು ಸಂಶೋಧನಾ ಸಂಸ್ಥೆ ಇದೆ. ಗಣೇಶಖಿಂಡ್ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೆನೋ, ಬೋರ್ಡು ಕಣ್ಣಿಗೆ ಬಿದ್ದಿರಲಿಲ್ಲ.

‘ಜೇನು ಬಂತು’ ಎಂದು ನಾವು ಕೂಗುವುದು ಎರಡು ಬೇರೆ ಬೇರೆ ಸಂಗತಿಗಳಿಗೆ. ಒಂದು, ಕೊಂಬೆಗೆ ಗಡ್ಡದ ಹಾಗೆ ಜೋತುಬಿದ್ದ ಬರೀ ಹುಳಗಳ ಹಿಂಡು. ಕುಟುಂಬ ದೊಡ್ಡದಾದಾಗ ಪಾಲಾಗುತ್ತದೆ. ಹಳೆಯ ರಾಣಿ ಒಂದಷ್ಟು ಕೆಲಸಗಾರ ಜೇನುಗಳೊಡನೆ ಹೊರಡುತ್ತಾಳೆ. ನಮ್ಮಲ್ಲಿ ಮಗಳು ಮನೆ ಬಿಡುತ್ತಾಳೆ, ಅವುಗಳಲ್ಲಿ ತಾಯಿ! ಹೊಟ್ಟೆ ತುಂಬ ತುಪ್ಪ ಕುಡಿದು ಬಂದಿರುತ್ತವೆ. ಕಾಯಲು ಎರಿಯಿಲ್ಲ, ಮರಿಯಿಲ್ಲ. ಕೆಣಕದಿದ್ದರೆ ಸಾಮಾನ್ಯವಾಗಿ ತಮ್ಮ ಪಾಡಿಗೆ ಇರುತ್ತವೆ. ಕೆಲವು ಹುಳಗಳು ಜಾಗ ಹುಡುಕಿ ಬಂದ ಮೇಲೆ, ಕೆಲವು ಗಂಟೆಗಳಲ್ಲೋ ಕೆಲವು ದಿನಗಳಲ್ಲೋ ಎಲ್ಲವೂ ಹಾರಿಹೋಗುತ್ತವೆ.

ಇನ್ನೊಂದು, ಎರಿ ಕಟ್ಟಿ ಕೂತ ಹೆಜ್ಜೇನು. ಅಲ್ಲಿ ಮರಿಗಳಿವೆ, ಹುಷಾರಾಗಿರಲೇಬೇಕು. ಆದರೆ ಅದೂ ಕಾಯಂ ಅಲ್ಲ. ಹೂವು ಮುಗಿದರೆ ಖಾಲಿ ಎರಿ ಬಿಟ್ಟು ಹತ್ತಾರು ಮೈಲಿ ದೂರ ಹೋಗುತ್ತದೆ.

ಹೂವು ನೋಡಲು ಕಲಿತರೆ ಜೇನು ಯಾಕೆ ಬಂತು ಎಂಬುದು ತಿಳಿಯುತ್ತದೆ. ಮಳೆ ನಿಂತ ಮೇಲೆ ಪುಣೆಯ ಟೇಕಡಿಗಳಲ್ಲಿ ಹುಲ್ಲಿನ ನಡುವೆ ಸಣ್ಣಪುಟ್ಟ ಹೂವು. ಚಳಿ ಕಳೆಯುವಾಗ ವೇತಾಳ ಟೇಕಡಿಯ ತುಂಬ ಗಿರಿಪುಷ್ಪ, ಅದೇ ನಮ್ಮೂರಿನ ಗೊಬ್ಬರದ ಗಿಡ, ತಿಳಿಗುಲಾಬಿಯಾಗುತ್ತದೆ. ಅದರ ಜೊತೆಗೇ ಬೂರುಗ. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ, ಬೇವು, ನೇರಳೆ. ಬೇಸಿಗೆಯಲ್ಲಿ ರಸ್ತೆಬದಿಯ ಮಳೆಮರಗಳು. ಜೋರು ಮಳೆಯಲ್ಲಿ ಹೂವೂ ಕಡಿಮೆ, ಹಾರುವುದೂ ಕಷ್ಟ. ಹೆಜ್ಜೇನು ಹೆಚ್ಚಾಗಿ ಆ ಹೊತ್ತಿಗೆ ಜಾಗ ಬಿಟ್ಟಿರುತ್ತದೆ.

ಈ ಫೆಬ್ರವರಿಯಲ್ಲಿ ನಮ್ಮ ನುಗ್ಗೆಮರದಲ್ಲಿ ಹಿಂಡೊಂದು ಇಳಿಯಿತು. ಔಷಧಿಯವರಿಗೆ ಫೋನು ಹಚ್ಚುತ್ತಿದ್ದರು. “ಮೂರು ದಿನ ಕೊಡಿ” ಎಂದು ಕೇಳಿಕೊಂಡೆ. ಮರದ ಸುತ್ತ ಹಗ್ಗ ಕಟ್ಟಿದೆವು, ಮಕ್ಕಳ ಆಟ ಹಿಂಬದಿಗೆ ಹೋಯಿತು, ರಾತ್ರಿ ಆ ಬದಿಯ ದೀಪ ಆರಿಸಿದೆವು, ಹೆಜ್ಜೇನು ದೀಪಕ್ಕೆ ಬರುತ್ತದೆ. ಮೂರನೆಯ ದಿನ ಹನ್ನೊಂದರ ಬಿಸಿಲಿಗೆ ಮರವೇ ಗುಂಯ್ ಎಂದಂತಾಯಿತು. ಐದು ನಿಮಿಷದಲ್ಲಿ ಕೊಂಬೆ ಖಾಲಿ. ನಿಜ ಹೇಳಬೇಕೆಂದರೆ, ಎರಡನೆಯ ರಾತ್ರಿ ನನಗೂ ನಿದ್ದೆ ಬಂದಿರಲಿಲ್ಲ.

ಈಗ ಮತ್ತೆ ಏಳನೇ ಮಹಡಿಯಲ್ಲಿ ಹೆಜ್ಜೇನು ಎರಿ ಕಟ್ಟಿದೆ. ಆ ಮನೆಯಲ್ಲಿ ಒಂದು ವರ್ಷದ ಕೂಸಿದೆ, ಅದರ ತಾಯಿಯ ಹೆದರಿಕೆ ಸುಳ್ಳಲ್ಲ. ಬರುವ ಭಾನುವಾರ ಮೀಟಿಂಗ್. ಕಿಟಕಿಗೆ ಜಾಳಿಗೆ ಹಾಕಿ ಮಳೆಯ ತನಕ ಕಾಯೋಣ, ಅದು ಆಗದಿದ್ದರೆ ಕೊಲ್ಲದೆ ತೆಗೆಯಬಲ್ಲವರನ್ನು ಕರೆಸೋಣ ಎಂದು ಕೇಳುವವಳಿದ್ದೇನೆ. ಜಾಳಿಗೆಯ ಖರ್ಚು ಸೊಸೈಟಿಯದೇ ಆಗಲಿ ಎಂದೂ ಬರೆದುಕೊಂಡಿದ್ದೇನೆ. ಈ ಸಲ ಸಹಿ ಹಾಕುವುದಿಲ್ಲ.