ಆ ಮಗುವಿನ ಪರವಾಗಿ ಸಹಿ ಹಾಕುವವರು ಯಾರು?

ಕಾರವಾರ, ಅಂಕೋಲೆಯ ತರುಣ ತರುಣಿಯರೇ,

ಒಂದು ಹೊಸ ಔಷಧ ಮಕ್ಕಳ ಮೈಗೆ ಹೊಂದುತ್ತದೆಯೇ ಎಂದು ತಿಳಿಯಲು ಕೊನೆಗೊಮ್ಮೆ ಅದನ್ನು ಮಕ್ಕಳಿಗೇ ಕೊಟ್ಟು ನೋಡಬೇಕಾಗುತ್ತದೆ. ನಮ್ಮ ಮನೆಯ ಮಗುವಾದರೆ ಅಪ್ಪ ಅಮ್ಮ ಹತ್ತು ಪ್ರಶ್ನೆ ಕೇಳುತ್ತಾರೆ. ಪರಿಚಯದ ಡಾಕ್ಟರರಿಗೆ ಫೋನು ಹೋಗುತ್ತದೆ. ಸುತರಾಂ ಬೇಡ ಎಂದು ಹಟ ಹಿಡಿಯುವ ಅಜ್ಜಿಯೊಬ್ಬಳಾದರೂ ಇರುತ್ತಾಳೆ. ಬಾಲಮಂದಿರದಲ್ಲಿ ಬೆಳೆಯುವ ಮಗುವಿಗೆ, ಸರ್ಕಾರ ಪೋಷಕ ಕುಟುಂಬವೊಂದರ ಕೈಗೆ ಒಪ್ಪಿಸಿದ ಮಗುವಿಗೆ, ಹೆತ್ತವರಿಂದ ದೂರ ಆಶ್ರಮ ಶಾಲೆಯಲ್ಲಿ ಮಲಗುವ ಮಗುವಿಗೆ ಆ ಹತ್ತು ಪ್ರಶ್ನೆ ಕೇಳುವವರು ಯಾರು? ಈ ಲೇಖನ ಬರೆಯುತ್ತಿರುವುದು ಆ ಒಂದು ಪ್ರಶ್ನೆಯನ್ನು ನಿಮ್ಮ ಕೈಗಿಡಲು.

ಇದು ಬರಿಯ ಊಹೆಯಲ್ಲ. 2009ರ ಜುಲೈಯಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ, ಬಳಿಕ ಗುಜರಾತಿನ ವಡೋದರದಲ್ಲಿ, 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಡುವ ಅಧ್ಯಯನ ಆರಂಭವಾಯಿತು. ನಡೆಸಿದ್ದು ಅಮೆರಿಕ ಮೂಲದ ಪಾಥ್ ಸಂಸ್ಥೆ. ಜೊತೆಗಿದ್ದುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್. ಖಮ್ಮಂನ ಹುಡುಗಿಯರಲ್ಲಿ ಅನೇಕರು ಆದಿವಾಸಿಗಳು, ಹಾಸ್ಟೆಲ್ ವಾಸಿಗಳು. ಕೆಲವು ಹುಡುಗಿಯರ ಸಾವಿನ ಸುದ್ದಿ ಬಂದಾಗ, 2010ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಸಾವಿಗೆ ಲಸಿಕೆ ಕಾರಣವೆಂದು ವಿಚಾರಣಾ ಸಮಿತಿ ಹೇಳಲಿಲ್ಲ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಆ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಶಿಫಾರಸು ಮಾಡುತ್ತದೆ. ಅಪರಾಧ ಇದ್ದದ್ದು ಕಾಗದದಲ್ಲಿ. ಆಂಧ್ರದಲ್ಲಿ ಪರಿಶೀಲಿಸಿದ 9,543 ಸಮ್ಮತಿ ಪತ್ರಗಳ ಪೈಕಿ 2,763ಕ್ಕೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್‌ಗಳು. 1,948ರಲ್ಲಿ ಇದ್ದದ್ದು ಹೆಬ್ಬೆಟ್ಟು. 2013ರ ಆಗಸ್ಟ್‌ನಲ್ಲಿ ಸಂಸದೀಯ ಸ್ಥಾಯಿ ಸಮಿತಿ ತನ್ನ 72ನೇ ವರದಿಯಲ್ಲಿ ಈ ಕೃತ್ಯವನ್ನು ಕಟುವಾಗಿ ಖಂಡಿಸಿತು.

ಆ ಹುಡುಗಿಯರಿಗೆ ಅಪ್ಪ ಅಮ್ಮ ಇದ್ದರು, ಹಳ್ಳಿಯಲ್ಲಿ. ಒಂದು ಬಸ್ಸು ಹತ್ತಿ ಹೋಗಿ ಕೇಳಿ ಬರುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ, ಅಷ್ಟೆ. ಹಾಗಾದರೆ ಹೋಗಿ ಕೇಳಲು ಮನೆಯೇ ಇಲ್ಲದ ಮಗುವಿನ ಪಾಡೇನು?

ಶ್ರೀಮಂತ ದೇಶದಲ್ಲೂ ಇದೇ ಕಥೆ ನಡೆದಿದೆ. ನ್ಯೂಯಾರ್ಕ್ ನಗರದ ಪೋಷಣೆಯಲ್ಲಿದ್ದ, ಎಚ್‌ಐವಿ ಸೋಂಕಿನ ನಡುವೆ ಹುಟ್ಟಿದ 532 ಮಕ್ಕಳು 1985ರಿಂದ 2005ರವರೆಗೆ ಔಷಧ ಪ್ರಯೋಗಗಳಿಗೆ ಸೇರಿದ್ದರು. 2009ರಲ್ಲಿ ವೆರಾ ಎಂಬ ಸಂಸ್ಥೆ ಆ ಮಕ್ಕಳ ಕಡತಗಳನ್ನು ಕೆದಕಿ ವರದಿ ಕೊಟ್ಟಿತು. ಔಷಧದಿಂದಲೇ ನೇರವಾಗಿ ಸತ್ತ ಮಗು ಯಾವುದೂ ಕಾಣಲಿಲ್ಲ. ಆದರೆ ಹಲವು ಕಡತಗಳಲ್ಲಿ ಸಮ್ಮತಿ ಪತ್ರವೇ ಇರಲಿಲ್ಲ. ನಗರದ್ದೇ ನಿಯಮ ಕೇಳುತ್ತಿದ್ದ ವೈದ್ಯ ಸಮಿತಿಯ ಪರಿಶೀಲನೆಯನ್ನು ದಾಟಿ ಕೆಲವು ಮಕ್ಕಳು ಪ್ರಯೋಗಕ್ಕೆ ಸೇರಿದ್ದರು. ಸರ್ಕಾರದ ಸುಪರ್ದಿಯ ಮಗುವನ್ನು, ಅದಕ್ಕೆ ನೇರ ಲಾಭವಿಲ್ಲದ ಹಾಗೂ ಅಪಾಯ ಹೆಚ್ಚಿರುವ ಸಂಶೋಧನೆಗೆ ಸೇರಿಸುವಾಗ, ಆ ಮಗುವಿಗೆಂದೇ ಪ್ರತ್ಯೇಕ ವಕಾಲತುದಾರನೊಬ್ಬ ಇರಬೇಕು ಎಂದು ಅಮೆರಿಕದ ಕೇಂದ್ರ ನಿಯಮ 1983ರಿಂದಲೇ ಹೇಳುತ್ತದೆ. ನಿಯಮ ಪುಸ್ತಕದಲ್ಲಿತ್ತು. ಮಗುವಿನ ಪಕ್ಕದ ಕುರ್ಚಿ ಎಷ್ಟೋ ಸಲ ಖಾಲಿಯಿತ್ತು.

ಹಾಗೆಂದು ಅನಾಥ ಮಕ್ಕಳನ್ನು ಸಂಶೋಧನೆಯ ಹತ್ತಿರಕ್ಕೂ ಬಿಡಬೇಡಿ ಎಂದು ಬಾಗಿಲು ಹಾಕಿದರೆ ನ್ಯಾಯವಾಯಿತೇ? ಇಲ್ಲ. ಎಚ್‌ಐವಿಗೆ ಮೊದಲ ಔಷಧವಾದ ಎಜೆಡ್‌ಟಿಗೆ ಅಮೆರಿಕದಲ್ಲಿ ದೊಡ್ಡವರ ಬಳಕೆಗೆ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ. ಮಕ್ಕಳಿಗೆ ಸಿಕ್ಕಿದ್ದು 1990ರಲ್ಲಿ. ನಡುವಿನ ಮೂರು ವರ್ಷ ಸಾಯುತ್ತಿದ್ದ ಮಗುವಿಗೆ ಔಷಧ ಸಿಗಲು ಪ್ರಯೋಗವೇ ಮುಖ್ಯ ದಾರಿ. ಅಪ್ಪ ಅಮ್ಮ ಇದ್ದ ಮಗು ಆ ದಾರಿ ಹಿಡಿಯಬಹುದಾದರೆ ಇಲ್ಲದ ಮಗುವಿಗೇಕೆ ತಡೆ? ಸೇರಿಸಿಯೂ ಅನ್ಯಾಯ ಮಾಡಬಹುದು, ಹೊರಗಿಟ್ಟೂ ಅನ್ಯಾಯ ಮಾಡಬಹುದು. ಒಂದೊಂದು ಮಗುವಿನ ಹಿತವನ್ನೂ ಬೇರೆಬೇರೆಯಾಗಿ ತೂಗಿ ನೋಡುವ ಮನುಷ್ಯರು ಬೇಕು. ಆ ಮನುಷ್ಯರು ನೀವಾಗಬೇಕು.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. 2015ರ ಬಾಲನ್ಯಾಯ ಕಾಯ್ದೆ 18 ತುಂಬದ, ಆಸರೆಯಿಲ್ಲದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರುತ್ತದೆ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರ ಆ ಸಮಿತಿಯೇ ಮಗುವನ್ನು ಪೋಷಕ ಕುಟುಂಬಕ್ಕೆ ಒಪ್ಪಿಸುವುದು. ಅದೇ ಕಾಯ್ದೆಯ 3ನೇ ಕಲಂ ಓದಿ. ತನಗೆ ತಟ್ಟುವ ಎಲ್ಲ ತೀರ್ಮಾನಗಳಲ್ಲಿ ಮಾತನಾಡುವ ಹಕ್ಕು ಮಗುವಿಗಿದೆ. ಮಗುವಿನ ಯಾವ ಹಕ್ಕನ್ನೂ ಮಗುವೇ ಆಗಲಿ, ಅದರ ಪರವಾಗಿ ಬೇರೆಯವರಾಗಲಿ ಬಿಟ್ಟುಕೊಡುವಂತಿಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿ ಇನ್ನೂ ಹತ್ತಿರ ಬರುತ್ತದೆ: ಹೆತ್ತವರ ಅಥವಾ ಕಾನೂನುಬದ್ಧ ಪಾಲಕರ ಸಮ್ಮತಿ ಸಿಕ್ಕರೆ ಸಾಲದು, 7ರಿಂದ 12ರ ಮಗುವಿನಿಂದ ಬಾಯಿಮಾತಿನ ಒಪ್ಪಿಗೆ, 12ರಿಂದ 18ರವರಿಂದ ಬರವಣಿಗೆಯ ಒಪ್ಪಿಗೆ ಪಡೆಯಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಪ್ರಯೋಗವನ್ನು ಒಪ್ಪುವ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು. ಅವರಲ್ಲಿ ಒಬ್ಬ ಸಾಮಾನ್ಯ ನಾಗರಿಕ, ಒಬ್ಬ ಮಹಿಳೆ, ಒಬ್ಬ ಕಾನೂನು ಬಲ್ಲವರು ಬೇಕೇ ಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಹಕ್ಕು.

ಇಷ್ಟೆಲ್ಲ ದಿಲ್ಲಿಯ ಗೆಜೆಟ್ಟಿನಲ್ಲಿದೆ. ಹಾಸ್ಟೆಲ್ಲಿನ ಜಗಲಿಯ ತನಕ ಅದನ್ನು ಹೊತ್ತು ತರುವವರು ಬೇಕಾಗಿದ್ದಾರೆ.

ಇದು ನಮ್ಮೂರಿಗೆ ಏಕೆ ಎನ್ನುತ್ತೀರಾ? ಕಾರವಾರದಲ್ಲಿ ಈಗ ಕ್ರಿಮ್ಸ್ ಇದೆ, ಸರ್ಕಾರಿ ವೈದ್ಯಕೀಯ ಕಾಲೇಜು. ಕಾಲೇಜು ಇದ್ದಲ್ಲಿ ಸಂಶೋಧನೆ ಇರಲೇಬೇಕು, ಇರಲಿ. ನಮ್ಮ ಜಿಲ್ಲೆಯ ಸಿದ್ದಾಪುರ, ಹೊನ್ನಾವರದ ಕಾಡಂಚಿನ ಜನ ಮಂಗನ ಕಾಯಿಲೆಗೆ ನಡುಗುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ರೋಗಕ್ಕೆ ಹಳೆಯ ಲಸಿಕೆ ಕೈಕೊಟ್ಟಿದೆ. ಹೊಸದಕ್ಕಾಗಿ ಐಸಿಎಂಆರ್ ಕೆಲಸ ನಡೆಸಿದೆ. ಅದು ಬೇಗ ಬರಲಿ ಎಂಬ ಹಾರೈಕೆ ನನ್ನದೂ ಹೌದು. ಇಂಥ ಯಾವ ಲಸಿಕೆಯಾದರೂ ದೊಡ್ಡವರಲ್ಲಿ ಗೆದ್ದ ಮೇಲೆ ಮಕ್ಕಳ ಸರದಿ ಬರುತ್ತದೆ. ಆಗ ಒಂದೇ ಸೂರಿನಡಿ ಸಾಲಾಗಿ ಸಿಗುವ ಹಾಸ್ಟೆಲ್ ಮಕ್ಕಳನ್ನು ಆರಿಸುವುದು ಸಂಶೋಧಕರಿಗೆ ಸುಲಭ. ಸುಲಭ ಎಂಬುದೇ ಕಾರಣವಾಗಬಾರದು. ಅದನ್ನು ಗಟ್ಟಿಯಾಗಿ ಹೇಳುವ ಬಾಯಿ ಊರಿನಲ್ಲಿ ಮೊದಲೇ ಇರಬೇಕು.

ಕ್ರಿಮ್ಸ್‌ನ ವಿದ್ಯಾರ್ಥಿಗಳೇ, ನರ್ಸಿಂಗ್ ಕಲಿಯುವ ತಂಗಿಯರೇ, ಮೊದಲ ಕೆಲಸ ನಿಮ್ಮದು. ನಾಳೆ ಸಣ್ಣದೊಂದು ಪ್ರಾಜೆಕ್ಟಿಗಾಗಿ ವಸತಿ ಶಾಲೆಯ ಮಕ್ಕಳ ರಕ್ತ ತೆಗೆಯುವ ಸಂದರ್ಭ ಬಂದೀತು. ಸಿರಿಂಜ್ ತೆರೆಯುವ ಮುನ್ನ ಕೇಳಿ: ಎಥಿಕ್ಸ್ ಕಮಿಟಿ ಒಪ್ಪಿದೆಯೇ? ಮಕ್ಕಳ ಮನೆಗೆ ಸುದ್ದಿ ಹೋಗಿದೆಯೇ? ಮನೆಯಿಲ್ಲದವರ ವಿಷಯದಲ್ಲಿ ಮಕ್ಕಳ ಕಲ್ಯಾಣ ಸಮಿತಿ ಏನು ಹೇಳಿದೆ? ಮಗು ತಲೆ ಅಲ್ಲಾಡಿಸಿದ್ದು ಅರ್ಥವಾಗಿಯೋ, ಡಾಕ್ಟರ್ ಕೋಟಿನ ಭಯಕ್ಕೋ? ಬೇಡ ಎಂದ ಮಗುವಿಗೆ ಮರುದಿನ ಊಟದ ಸಾಲಿನಲ್ಲಿ ಯಾರೂ ಮುಖ ಗಂಟಿಕ್ಕುವುದಿಲ್ಲ ಎಂಬ ಖಾತ್ರಿ ಇದೆಯೇ?

ಕಾನೂನು ಓದುವವರೇ, ದೇಶದಲ್ಲಿ ನಡೆಯುವ ಕ್ಲಿನಿಕಲ್ ಪ್ರಯೋಗಗಳೆಲ್ಲ 2009ರ ಜೂನ್‌ನಿಂದ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಲೇಬೇಕು. ಅದನ್ನು ಯಾರು ಬೇಕಾದರೂ ಕಾಸಿಲ್ಲದೆ ನೋಡಬಹುದು. ನೋಡುವ ಅಭ್ಯಾಸ ಮಾಡಿಕೊಳ್ಳಿ. ಅನುಮಾನ ಬಂದರೆ ಮಾಹಿತಿ ಹಕ್ಕಿನ ಅರ್ಜಿ ಬರೆಯಿರಿ. ಸರ್ಕಾರವನ್ನು ಮೂರು ಮಾತು ಕೇಳಿ: ಸುಪರ್ದಿಯಲ್ಲಿರುವ ಮಗುವನ್ನು ಸಂಶೋಧನೆಗೆ ಸೇರಿಸುವ ಮುನ್ನ ಮಕ್ಕಳ ಕಲ್ಯಾಣ ಸಮಿತಿಯ ಲಿಖಿತ ಆದೇಶ ಕಡ್ಡಾಯವಾಗಲಿ, ವಾರ್ಡನ್, ಹೆಡ್‌ಮಾಸ್ತರರ ಸಹಿ ಎಂದಿಗೂ ಪಾಲಕರ ಸಹಿಯಾಗದಿರಲಿ, ಸಂಶೋಧಕರಿಗೂ ಸಂಸ್ಥೆಗೂ ಸಂಬಂಧವಿಲ್ಲದ ಒಬ್ಬರು ಮಗುವಿನ ಪಕ್ಕ ಕೂರಲಿ. ಈ ಮೂರೂ ಎಲ್ಲರಿಗೂ ಕಾಣುವಂತೆ ಕನ್ನಡದಲ್ಲಿ ಪ್ರಕಟವಾಗಲಿ.

ಭಾಷೆ ಬಲ್ಲವರೇ, ನಿಮಗೂ ಕೆಲಸವಿದೆ. ಕಾರವಾರದ ಮಗುವಿನ ಮನೆಮಾತು ಕೊಂಕಣಿಯಾಗಿರಬಹುದು. ಅಂಕೋಲೆಯ ಕೊಪ್ಪದ ಮಗು ಹಾಲಕ್ಕಿ ಒಕ್ಕಲಿಗರ ಕನ್ನಡದಲ್ಲಿ ಯೋಚಿಸುತ್ತದೆ. ಪಠ್ಯಪುಸ್ತಕದ ಕನ್ನಡದಲ್ಲಿ ಬರೆದ ಸಮ್ಮತಿ ಪತ್ರ ಅವರಿಗೆ ಗೋಡೆಯಿದ್ದಂತೆ. ಮಗು ಆಡುವ ಮಾತಿನಲ್ಲೇ ಹೇಳಿ, ಮಗು ತಿರುಗಿ ಹೇಳುವ ತನಕ ಕಾಯಿರಿ.

ಕಾರವಾರದ ಕಡಲಿಗೆ ಈ ಚಿಂತೆ ಹೊಸದಲ್ಲ. 1883ರಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ತರುಣ ರವೀಂದ್ರನಾಥ ಠಾಕೂರರು ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ್’. ಊರೆಲ್ಲ ದೂರವಿಟ್ಟ ತಬ್ಬಲಿ ಹುಡುಗಿಯೊಬ್ಬಳು ಸನ್ಯಾಸಿಯ ಆಸರೆ ಬೇಡುತ್ತಾಳೆ. ಅವನು ಬಿಟ್ಟುಹೋಗುತ್ತಾನೆ. ಮನಸ್ಸು ಕರಗಿ ಮರಳುವಾಗ ಹೊತ್ತು ಮೀರಿರುತ್ತದೆ. ಅದನ್ನು ಬರೆದಾಗ ಅವರು ನಿಮ್ಮದೇ ವಯಸ್ಸಿನವರು. ತಡವಾಗಿ ಬಂದ ಕರುಣೆ ಮಗುವನ್ನು ಉಳಿಸುವುದಿಲ್ಲ ಎಂದು ಇಪ್ಪತ್ತೆರಡರಲ್ಲೇ ಅವರಿಗೆ ತಿಳಿದಿತ್ತು.

ಅಂಕೋಲೆಗೂ ಒಂದು ಋಣವಿದೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಈ ನೆಲದ ಜನ ಉಪ್ಪಿನ ಕಾಯ್ದೆ ಮುರಿದರು. ನಮ್ಮನ್ನು ಕೇಳದೆ ನಮ್ಮ ಮೇಲೆ ಹೇರಿದ್ದನ್ನು ಒಪ್ಪೆವು ಎಂದರು. ಆಮೇಲೆ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಬಡವರ ಕೇರಿಗಳಿಗೆ ಶಾಲೆ ತಂದರು. ಹೆಬ್ಬೆಟ್ಟು ಒತ್ತುತ್ತಿದ್ದ ಮನೆಗಳ ಮಕ್ಕಳು ಸಹಿ ಮಾಡಲು ಕಲಿತರು. ಅವರ ತಲೆಮಾರು ಅಷ್ಟು ಮಾಡಿತು. ಸಹಿಯ ಹಿಂದೆ ಅರಿವಿರುವಂತೆ ನೋಡಿಕೊಳ್ಳುವುದು ನಿಮ್ಮ ತಲೆಮಾರಿನ ಪಾಲಿಗೆ ಬಂದ ಕೆಲಸ.

ಕಾಯ್ದೆ ಹೇಳುವ ವಿಷಯವೊಂದರ ಪದವಿಯ ಜೊತೆಗೆ ಮಕ್ಕಳ ಆರೋಗ್ಯ, ಶಿಕ್ಷಣ, ಕ್ಷೇಮಕ್ಕಾಗಿ ಏಳು ವರ್ಷ ದುಡಿದ ಅನುಭವ ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯತ್ವಕ್ಕೆ ಅರ್ಹತೆ ಕೊಡುತ್ತದೆ. ಆ ಏಳು ವರ್ಷದ ಲೆಕ್ಕ ಇವತ್ತೇ ಶುರುವಾಗಲಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಏನು ಮಾಡಬಹುದು ಎಂದು ಕೇಳಿ. ಅನುಮತಿ ಪಡೆದು ಮಕ್ಕಳಿಗೆ ಪಾಠ ಹೇಳಿ, ಆಟ ಆಡಿಸಿ. ಅವರ ಹೆಸರು, ಫೋಟೊ ಎಲ್ಲಿಯೂ ಹಾಕಬೇಡಿ, ಕಾನೂನೂ ಅದನ್ನು ಒಪ್ಪುವುದಿಲ್ಲ. ಅನ್ಯಾಯ ಕಂಡರೆ 1098ಕ್ಕೆ ಕರೆ ಮಾಡಿ. ಮುಂದೆ ಡಾಕ್ಟರಾಗಿ, ವಕೀಲರಾಗಿ, ಎಥಿಕ್ಸ್ ಕಮಿಟಿಯ ಸಾಮಾನ್ಯ ನಾಗರಿಕರಾಗಿ, ಸಮಿತಿಯ ಸದಸ್ಯರಾಗಿ ಆ ಮೇಜಿನ ಮುಂದೆ ಕುಳಿತ ದಿನ, ಕಡತ ನಿಮ್ಮ ಕಡೆ ಸರಿದು ಬರುತ್ತದೆ. ಪೆನ್ನು ಎತ್ತುವ ಮುನ್ನ ಮಗುವನ್ನು ಒಳಗೆ ಕರೆಸಿ. ನಿಮ್ಮ ಸ್ವಂತ ತಮ್ಮನಿಗೆ, ತಂಗಿಗೆ ಕೇಳುತ್ತಿದ್ದ ಹತ್ತೂ ಪ್ರಶ್ನೆ ಕೇಳಿ. ಒಂದಕ್ಕಾದರೂ ಉತ್ತರ ಸಿಗದಿದ್ದರೆ ಸಹಿ ಹಾಕಬೇಡಿ!