ಕೊಳದ ದಂಡೆಯ ಆಚಾರ್ಯ

ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಹೆಸರನ್ನೆತ್ತಿದೊಡನೆ ವಿದ್ಯಾವಂತರ ಸ್ಮೃತಿಗೆ ಬರುವುದು ಅಲ್ಲಿಯ ಪರಮಾಣುವಿಜ್ಞಾನಿಗಳು, ಅವರಿಗೆ ಸಂದ ನೊಬೆಲ್ ಪಾರಿತೋಷಿಕಗಳು, ಅರವತ್ತರ ದಶಕದಲ್ಲಿ ವಿದ್ಯಾರ್ಥಿಗಳು ವಾಕ್ಸ್ವಾತಂತ್ರ್ಯಕ್ಕಾಗಿ ನಡೆಸಿದ ಹೋರಾಟ. ಈ ಬೆಳಗ್ಗೆ ನಾನು ನೆನೆಯಹೊರಟಿರುವುದಾದರೋ ಇವರಾರನ್ನೂ ಅಲ್ಲ. ಅದೇ ಆವರಣದೊಳಗೆ, ಗ್ರಂಥಾಲಯದ ಮೌನದಲ್ಲಿಯೂ ಅಲ್ಲ, ಪ್ರಯೋಗಶಾಲೆಯ ಏಕಾಂತದಲ್ಲಿಯೂ ಅಲ್ಲ, ಈಜುಕೊಳವೊಂದರ ದಂಡೆಯ ಮೇಲೆ ಇಪ್ಪತ್ತಾರು ಋತುಗಳ ಕಾಲ ನಿಂತು, ತರುಣರಿಗೆ ನೀರಿನ ವಿದ್ಯೆಯನ್ನು ಕಲಿಸಿದ ಪೀಟರ್ ಕುಟಿನೋ ಎಂಬ ಶಿಕ್ಷಕನನ್ನು.

1933ರಲ್ಲಿ ಅವರು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಮಾಂಟೆರೆ ಎಂಬ ಕಡಲ ಊರಿನಲ್ಲಿ, ಸಿಸಿಲಿ ದ್ವೀಪದಿಂದ ಬಂದು ನೆಲಸಿದ ಮೀನುಗಾರರ ಮನೆತನದಲ್ಲಿ. ನಮ್ಮ ಕರಾವಳಿಯವರು ಬೂತಾಯಿ ಎನ್ನುವ ಮೀನಿನ ಬಳಗಕ್ಕೇ ಸೇರಿದ ಸಾರ್ಡೀನು ಆ ಕೊಲ್ಲಿಯಲ್ಲಿ ಒಂದು ಕಾಲಕ್ಕೆ ಅಪಾರವಾಗಿ ದೊರೆಯುತ್ತಿದ್ದು, ಅದನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳ ಸಾಲೇ ಊರಿನ ಅನ್ನವಾಗಿತ್ತು; ಐವತ್ತರ ದಶಕದ ಹೊತ್ತಿಗೆ ಮೀನು ಕ್ಷಯಿಸಿ, ಕಾರ್ಖಾನೆಗಳು ಒಂದೊಂದಾಗಿ ಕದವಿಕ್ಕಿದವು. ನೀರನ್ನೇ ನೆಚ್ಚಿ ಬದುಕಿದ ಆ ಜನರ ನಡುವೆ ಬೆಳೆದ ಹುಡುಗನು ದೊಡ್ಡವನಾದ ಮೇಲೂ ನೀರನ್ನು ಬಿಡಲಿಲ್ಲ. ಆಕ್ಸ್‌ನಾರ್ಡ್ ಎಂಬ ಊರಿನ ಪ್ರೌಢಶಾಲೆಯಲ್ಲಿ ಕೆಲಕಾಲ ಕಲಿಸಿ, 1963ರಲ್ಲಿ ಬರ್ಕ್ಲಿಗೆ ಬಂದಾಗ ಅವರ ಹೆಗಲಿಗೆ ಬಿದ್ದದ್ದು ಎರಡು ಹೊಣೆ: ಈಜುತಂಡ ಒಂದು, ನೀರಿನಲ್ಲಿ ಈಜುತ್ತಲೇ ಚೆಂಡನ್ನು ಗೋಲಿಗೆ ಎಸೆಯುವ ವಾಟರ್ ಪೋಲೋ ಎಂಬ ಆಟದ ತಂಡ ಇನ್ನೊಂದು. ಶರತ್ಕಾಲದಲ್ಲಿ ಪೋಲೋ, ಅದು ಮುಗಿದ ಮೇಲೆ ಸ್ಪರ್ಧೆಯ ಈಜು. ಹೀಗೆ ವರ್ಷದ ಬಹುಭಾಗವನ್ನು ಅವರು ಕೊಳದ ಬಳಿಯಲ್ಲಿಯೇ ಕಳೆಯಬೇಕಾಗಿತ್ತು.

ಈ ಎರಡು ವಿದ್ಯೆಗಳೂ ಒಂದೇ ನೀರಿನಲ್ಲಿ ನಡೆಯುತ್ತವೆಯೆಂಬುದನ್ನು ಬಿಟ್ಟರೆ ಅವುಗಳ ಸ್ವಭಾವ ಪರಸ್ಪರ ವಿರುದ್ಧವೆಂದೇ ನನ್ನ ಭಾವನೆ. ಸ್ಪರ್ಧೆಯ ಈಜುಗಾರನಿಗೆ ಮೊದಲು ಹೇಳಿಕೊಡುವ ಪಾಠವೆಂದರೆ ತಲೆಯನ್ನು ತಗ್ಗಿಸು ಎಂಬುದು; ಮುಖ ನೀರಿನೊಳಗೆ, ದೃಷ್ಟಿ ತಳದಲ್ಲಿ ಎಳೆದ ಕಪ್ಪು ಗೆರೆಯ ಮೇಲೆ, ಪಕ್ಕದ ಸಾಲಿನಲ್ಲಿ ಯಾರಿದ್ದಾರೆಂಬ ಪರಿವೆಯೂ ಬೇಡ; ಅವನ ಎದುರಾಳಿ ಗಡಿಯಾರ. ಪೋಲೋ ಆಟಗಾರನಿಗಾದರೋ ಅದೇ ತಲೆಯನ್ನು ಮೇಲೆತ್ತಿ ಈಜುವುದನ್ನು ಹೊಸದಾಗಿ ಕಲಿಸಬೇಕು. ಏಕೆಂದರೆ ಚೆಂಡೆಲ್ಲಿದೆ, ತನ್ನ ಆರು ಮಂದಿ ಜೊತೆಗಾರರೆಲ್ಲಿದ್ದಾರೆ, ಮೈಮೇಲೆ ಬೀಳಲಿರುವ ಪ್ರತಿಪಕ್ಷದವನು ಯಾವ ದಿಕ್ಕಿನಿಂದ ಬರುತ್ತಿದ್ದಾನೆ ಎಂಬುದನ್ನು ಕಾಣದವನು ಎಷ್ಟು ವೇಗವಾಗಿ ಈಜಿದರೂ ತಂಡಕ್ಕೆ ಪ್ರಯೋಜನವಿಲ್ಲ. ತನ್ನೊಳಗೆ ತಾನು ಮುಳುಗುವ ಏಕಾಗ್ರತೆಯನ್ನೂ ಸುತ್ತಲಿನವರೆಲ್ಲರ ಮೇಲೆ ಕಣ್ಣಿಡುವ ಎಚ್ಚರವನ್ನೂ ಒಬ್ಬನೇ ಗುರು ಒಂದೇ ದಂಡೆಯಿಂದ ಕಲಿಸುವುದು ಸಾಮಾನ್ಯವಾದ ಮಾತಲ್ಲ. ಕುಟಿನೋ ಇದನ್ನು 1974ರವರೆಗೂ ನಡೆಸಿದರು; ಆಮೇಲೆ ಈಜುತಂಡವನ್ನು ನಾರ್ಟ್ ಥಾರ್ನ್‌ಟನ್ ಅವರಿಗೆ ಒಪ್ಪಿಸಿ, ಪೋಲೋವೊಂದಕ್ಕೇ ತಮ್ಮನ್ನು ಕೊಟ್ಟುಕೊಂಡರು.

ಈ ಆಟವನ್ನು ದೂರದಿಂದ ನೋಡುವವರಿಗೆ ಕಾಣುವುದು ಟೋಪಿ ತೊಟ್ಟ ತಲೆಗಳು, ಎತ್ತಿದ ಒಂದು ತೋಳು, ಹಾರುವ ಚೆಂಡು, ಇಷ್ಟೇ. ಗೋಲುರಕ್ಷಕನ ಹೊರತು ಉಳಿದವರಾರೂ ಚೆಂಡನ್ನು ಎರಡೂ ಕೈಗಳಿಂದ ಮುಟ್ಟುವಂತಿಲ್ಲ, ಕೊಳದ ತಳಕ್ಕೆ ಕಾಲೂರುವಂತಿಲ್ಲ. ಹಾಗಿರುವಲ್ಲಿ ಆ ತೋಳು ಎತ್ತಲ್ಪಡುವುದು ಯಾವ ಆಧಾರದ ಮೇಲೆ? ನೀರೊಳಗೆ, ಪ್ರೇಕ್ಷಕರ ದೃಷ್ಟಿಗೆ ಅಗೋಚರವಾಗಿ, ಕುರ್ಚಿಯಲ್ಲಿ ಕುಳಿತವನಂತೆ ಮೊಣಕಾಲುಗಳನ್ನು ಮಡಿಸಿ ಅಗಲಿಸಿಕೊಂಡು, ಆಟಗಾರನು ತನ್ನ ಎರಡು ಕಾಲುಗಳನ್ನೂ ಒಂದಾದ ಮೇಲೊಂದರಂತೆ ಎಡೆಬಿಡದೆ ಸುತ್ತಿಸುತ್ತಿರುತ್ತಾನೆ. ಗಡಿಗೆಯೊಳಗೆ ಕಡೆಗೋಲು ಅತ್ತಲೂ ಇತ್ತಲೂ ತಿರುಗುವಂತೆ ಆ ಕಾಲುಗಳ ಮಥನ ನಡೆದಿರುವಷ್ಟು ಹೊತ್ತು ಮಾತ್ರ ಅವನ ಎದೆ ನೀರಿನಿಂದ ಮೇಲೆ ನಿಲ್ಲುತ್ತದೆ. ಅಭ್ಯಾಸದಲ್ಲಿ ಎರಡೂ ಕೈಗಳನ್ನು ಮೇಲೆತ್ತಿಸಿ, ಕೆಲವೊಮ್ಮೆ ಕೈಯಲ್ಲಿ ಭಾರವನ್ನೂ ಕೊಟ್ಟು, ಕಾಲಿನ ಬಲವೊಂದರಿಂದಲೇ ತೇಲುವಂತೆ ಮಾಡಿಸುವುದುಂಟು. ತುಟಿ ನೀಲಿಯಾಗಿ, ತೊಡೆ ನಡುಗಿ, ಗದ್ದ ನೀರಿಗಿಳಿಯುವವರೆಗೂ ನಿಂತ ಆ ಹುಡುಗನ ಶ್ರಮಕ್ಕೆ ಪಂದ್ಯದ ದಿನ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಏಕೆಂದರೆ ಯಾರಿಗೂ ಅದು ಕಾಣುವುದಿಲ್ಲ. ಅದನ್ನು ಬಲ್ಲವನು ದಂಡೆಯ ಮೇಲಿನ ಗುರುವೊಬ್ಬನೇ. ಈ ಬಲ್ಲವಿಕೆಯೇ ಶಿಕ್ಷಕವೃತ್ತಿಯ ಹೃದಯವೆಂದು ನಾನು ನಂಬಿದ್ದೇನೆ.

ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ವಾಟರ್ ಪೋಲೋ ಪಂದ್ಯಾವಳಿ ಮೊದಲಾದದ್ದು 1969ರಲ್ಲಿ. ಬರ್ಕ್ಲಿಗೆ ಮೊದಲ ಪ್ರಶಸ್ತಿ ಬಂದದ್ದು 1973ರಲ್ಲಿ, ಎಂದರೆ ಕುಟಿನೋ ಬಂದು ಹತ್ತು ವರ್ಷ ದುಡಿದ ಮೇಲೆ. ಅನಂತರ 1974, 1975, 1977. ಆಮೇಲೆ ಐದು ವರ್ಷ ಬರಿಗೈ. ಆ ಐದರಲ್ಲಿ ಮೂರು ಬಾರಿ ಗೆದ್ದದ್ದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಚೆಬದಿಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯ, ನೆರೆಯಲ್ಲಿಯೇ ಇದ್ದ ಹಳೆಯ ಸ್ಪರ್ಧಿ. ಒಮ್ಮೆ ಗೆದ್ದವನು ಸೋಲಿನ ದಿನಗಳಲ್ಲಿ ಪಾಠವನ್ನು ಬದಲಿಸದೆ, ಧ್ವನಿಯನ್ನು ಕುಗ್ಗಿಸದೆ, ಹೊಸದಾಗಿ ಬಂದ ಹದಿನೆಂಟರ ಹುಡುಗರಿಗೆ ಮತ್ತೆ ಕಾಲಿನ ಅಭ್ಯಾಸದಿಂದಲೇ ಆರಂಭಿಸುವುದಕ್ಕೆ ಬೇಕಾದ ಧೈರ್ಯವು ಮೊದಲ ಗೆಲವಿಗೆ ಬೇಕಾದ ಧೈರ್ಯಕ್ಕಿಂತ ದೊಡ್ಡದು. 1983ರಲ್ಲಿ, 1984ರಲ್ಲಿ, ಮತ್ತೆ 1987, 1988ರಲ್ಲಿ ಬರ್ಕ್ಲಿ ಗೆದ್ದಿತು; ಎಂಟನೆಯ ಪ್ರಶಸ್ತಿಯೊಡನೆ ಅವರು ನಿವೃತ್ತರಾದರು. ಅವರ ಲೆಕ್ಕದಲ್ಲಿ 519 ಗೆಲವು, 172 ಸೋಲು, 10 ಸಮ. ಜನ ಮೊದಲನೆಯ ಸಂಖ್ಯೆಯನ್ನು ಉಲ್ಲೇಖಿಸುತ್ತಾರೆ. ನನಗೆ ಎರಡನೆಯದರ ಮೇಲೆಯೂ ಗೌರವವಿದೆ.

ಅವರ ಬಳಿ ಕಲಿತ ಪೀಟರ್ ಆಶ್ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಪಡೆದ ಅಮೆರಿಕದ ತಂಡದಲ್ಲಿದ್ದರು. 1999ರಿಂದ ಸ್ಯಾನ್ ಫ್ರಾನ್ಸಿಸ್ಕೋದ ಒಲಿಂಪಿಕ್ ಕ್ಲಬ್ಬು ಕುಟಿನೋ ಅವರ ಹೆಸರಿನಲ್ಲಿ ಪ್ರತಿವರ್ಷ ಪ್ರಶಸ್ತಿಯೊಂದನ್ನು ಕೊಡುತ್ತ ಬಂದಿದೆ. ಅದು ಸಲ್ಲುವುದು ಶಿಕ್ಷಕನಿಗಲ್ಲ, ದೇಶದ ಕಾಲೇಜುಗಳಲ್ಲಿ ಆ ವರ್ಷದ ಶ್ರೇಷ್ಠ ಆಟಗಾರನಿಗೆ ಮತ್ತು ಶ್ರೇಷ್ಠ ಆಟಗಾರ್ತಿಗೆ. ಆ ಹೆಸರಿಗೆ ಇದಕ್ಕಿಂತ ಒಪ್ಪುವ ಏರ್ಪಾಟನ್ನು ನಾನು ಊಹಿಸಲಾರೆ. ಅವರ ಕಡೆಯ ವರ್ಷಗಳ ತಂಡದಲ್ಲಿ ಆಡಿ, ಮುಂದೆ ಒಲಿಂಪಿಕ್ಸಿಗೂ ಹೋಗಿಬಂದ ಕರ್ಕ್ ಎವರಿಸ್ಟ್ ಎಂಬ ಶಿಷ್ಯ 2002ರಲ್ಲಿ ಗುರುವಿನ ಅದೇ ಸ್ಥಾನಕ್ಕೆ ಬಂದರು. 2004ರಲ್ಲಿ ಕುಟಿನೋ ತೀರಿಕೊಂಡರು. 2006ರಲ್ಲಿಯೂ 2007ರಲ್ಲಿಯೂ ಎವರಿಸ್ಟ್ ಅವರ ಹುಡುಗರು ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದು ಬರ್ಕ್ಲಿಗೆ ತಂದರು.